ಟಾವೆಲಿನ ಕೆಳಗಿನ ಕೈ

ದನದ ಪೇಟೆಯಲ್ಲಿ ದರವನ್ನು ಬಾಯಿಂದ ಹೇಳುವವನು ಹೊಸಬ. ನಮ್ಮ ಕಡೆ, ಅಥಣಿಯಿಂದ ಚಿಂಚಲಿಯವರೆಗೆ, ಒಳ್ಳೆಯ ಎತ್ತಿನ ವ್ಯಾಪಾರ ಇಂದಿಗೂ ಟಾವೆಲಿನ ಕೆಳಗೇ ನಡೆಯುತ್ತದೆ. ಹೆಗಲ ಮೇಲಿನ ಟಾವೆಲನ್ನು ತೆಗೆದು ಇಬ್ಬರ ಕೈಗಳ ಮೇಲೆ ಹೊದಿಸಬೇಕು. ಒಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿಯಬೇಕು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಪಂಜ ಹಿಡಿದರೆ ಐದು. ನೂರೋ ಸಾವಿರವೋ ಎಂಬುದು ಎದುರಿಗೆ ನಿಂತ ದನವನ್ನು ನೋಡಿದವರಿಗೆ ತಾನಾಗಿಯೇ ತಿಳಿಯುತ್ತದೆ. ಸುತ್ತ ಇಪ್ಪತ್ತು ಜನ ಕತ್ತು ಚಾಚಿ ನಿಂತಿದ್ದರೂ ದರ ಮಾತ್ರ ಆ ಎರಡು ಕೈಗಳಿಗಷ್ಟೇ ಗೊತ್ತು.

ಹೊರಗಿನವರಿಗೆ ತಿಳಿಯದ ಇನ್ನೊಂದು ಸಂಗತಿಯಿದೆ. ಬೆರಳು ದರ ಹೇಳುತ್ತದೆ, ಅಂಗೈ ಮನೆಯ ಪರಿಸ್ಥಿತಿ ಹೇಳುತ್ತದೆ. ಕೈ ಬೆವರುತ್ತಿದ್ದರೆ ಮಾರುವವನು ದನದ ಯಾವುದೋ ದೋಷ ಮುಚ್ಚಿಟ್ಟಿದ್ದಾನೆ. ಬೆರಳನ್ನು ಮತ್ತೆ ಮತ್ತೆ ಎಳೆದುಕೊಂಡರೆ ಅವನಿಗೆ ಮಾರುವ ಮನಸ್ಸಿಲ್ಲ, ದರ ತಿಳಿದುಕೊಂಡು ಹೋಗಲು ಬಂದಿದ್ದಾನೆ. ಕೈ ನಡುಗುತ್ತಿದ್ದರೆ ಅವನಿಗೆ ಹಣದ ಅಡಚಣೆಯಿದೆ, ಇವತ್ತೇ ಮಾರಿ ಹೋಗಬೇಕಾಗಿದೆ. ಅಂಥ ಕೈ ಸಿಕ್ಕಾಗ ಎರಡು ಬೆರಳು ಇಳಿಸಿ ಸುಮ್ಮನೆ ನಿಂತರೆ ಸಾಕು, ಅವನಾಗಿಯೇ ದಾರಿಗೆ ಬರುತ್ತಾನೆ. ಇದನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ನಮ್ಮೂರು ಐಗಳಿಯಲ್ಲಿ ನಮ್ಮಪ್ಪನಿಗೆ ಒಂದು ಗುಂಟೆ ಹೊಲವೂ ಇರಲಿಲ್ಲ. ನಾನು ಬೇರೆಯವರ ಎತ್ತಿನ ಹಗ್ಗ ಹಿಡಿದು ಪೇಟೆಗೆ ನಡೆದವನು. ನಿಂತಲ್ಲಿ ನೋಡಿ, ಏಟು ತಿಂದು ಕಲಿತವನು. ಮೂವತ್ತೈದು ವರ್ಷ ದಲಾಲಿ ಮಾಡಿ, ಮನೆ ಕಟ್ಟಿಸಿ, ನಾಲ್ಕು ಎಕರೆ ಕಬ್ಬಿನ ಹೊಲ ಮಾಡಿದೆ. ಅದರಲ್ಲಿ ಎಷ್ಟು ಪಾಲು ಪರರ ನಡುಗುವ ಕೈಗಳಿಂದ ಬಂತೋ, ನಾನು ಲೆಕ್ಕ ಹಾಕಲು ಹೋಗಿಲ್ಲ.

ಅರವತ್ತಕ್ಕೆ ಇನ್ನೂ ಎರಡು ವರ್ಷ ಇರುವಾಗ ನನ್ನ ಬಲಗೈ ನಡುಗತೊಡಗಿತು.

ಮೊದಲು ಅದನ್ನು ಕಂಡವನು ನಿಪ್ಪಾಣಿಯ ದಲಾಲ. ಅವನು ನನ್ನಷ್ಟೇ ಹಳೆಯ ಹುಲಿ. ಪೇಟೆಯಲ್ಲಿ ಎದುರಾಳಿ, ಪೇಟೆ ಮುಗಿದ ಮೇಲೆ ಗೆಳೆಯ. ಒಂದು ದಿನ ಚಹದ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆವು. ನನ್ನ ಕೈ ತೊಡೆಯ ಮೇಲಿತ್ತು. ಹೆಬ್ಬೆರಳು ತೋರುಬೆರಳಿನ ಮೇಲೆ ತನ್ನಷ್ಟಕ್ಕೆ ತಾನೇ ಉರುಳುತ್ತಿತ್ತು.

"ಏನಣ್ಣಾ, ದಲಾಲಿ ಬಿಟ್ಟು ನಮ್ಮೂರಾಗ ಬೀಡಿ ಕಟ್ಟಾಕ ಬರ್ತಿಯೇನ? ಎಲಿ, ತಂಬಾಕ ಇಲ್ಲದ ಸುತ್ತಾಕತ್ತೀಯಲ್ಲ!" ಎಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದುಕೊಂಡೆ. ಕೈಯನ್ನು ಕಿಸೆಯೊಳಗೆ ಇಟ್ಟುಕೊಂಡೆ. ಅಂದಿನಿಂದ ಎರಡು ವರ್ಷ ಆ ಕೈ ಹೆಚ್ಚು ಹೊತ್ತು ಕಿಸೆಯಲ್ಲೇ ಇತ್ತು.

ನಕ್ಕೆ ಎಂದುಕೊಂಡೆ ಎಂದು ಯಾಕೆ ಬರೆದೆನೆಂದರೆ, ನನ್ನ ಮುಖ ಆಗಲೇ ನನ್ನ ಮಾತು ಕೇಳುವುದನ್ನು ಬಿಟ್ಟಿತ್ತು. ಅದು ನನಗೆ ತಿಳಿದದ್ದು ನಮ್ಮಾಕಿಯಿಂದ, ನನ್ನ ಹೆಂಡತಿಯಿಂದ. ಒಂದು ಮುಂಜಾನೆ ರೊಟ್ಟಿ ತಟ್ಟುತ್ತಿದ್ದವಳು ಕೈ ಜಾಡಿಸಿ ಎದ್ದು ನಿಂತಳು.

"ನಾ ಏನ್ ತಪ್ಪ ಮಾಡೇನಂತ ಒಂದ್ ಮಾತ ಹೇಳಿಬಿಡ್ರಿ. ಆರ್ ತಿಂಗಳಾತು, ಮೋತಿ ಗಂಟ ಹಾಕ್ಕೊಂಡ ಕುಂತೀರಿ. ಪಲ್ಯಾ ಚಲೋ ಆದ್ರೂ ಅದೇ ಮೋತಿ, ಉಪ್ಪ ಹೆಚ್ಚಾದ್ರೂ ಅದೇ ಮೋತಿ!"

"ನಾ ಎಲ್ಲಿ ಸಿಟ್ಟ ಮಾಡೇನಿ? ಈಗೂ ನಗಾಕತ್ತೇನಲ್ಲ."

"ಇದಕ್ಕ ನಗೂದ ಅಂತಾರಾ?"

ಅವಳು ಗೋಡೆಯ ಮೇಲಿನ ಕನ್ನಡಿ ಕಿತ್ತು ತಂದು ನನ್ನೆದುರು ಹಿಡಿದಳು. ನಾನು ಒಳಗಿನಿಂದ ಪೂರಾ ನಕ್ಕೆ. ಕನ್ನಡಿಯೊಳಗಿನವನು ಕಟ್ಟಿಗೆಯಲ್ಲಿ ಕೆತ್ತಿಟ್ಟಂತೆ ನನ್ನನ್ನೇ ನೋಡುತ್ತಿದ್ದ. ಆರು ತಿಂಗಳು ಆಕೆ ಆ ಮುಖಕ್ಕೆ ಹೆದರಿ ಹೆದರಿ ಊಟ ಬಡಿಸಿದ್ದಳು. ಇದನ್ನು ಓದುವವರಿಗೆ ನನ್ನ ಮೊದಲ ಸಲಹೆ: ನಿಮ್ಮ ಮನೆಯ ಹಿರಿಯರು ಇದ್ದಕ್ಕಿದ್ದಂತೆ ಸಿಟ್ಟಿನ ಮುಖ ಹೊತ್ತು ಕೂತರೆ, ಜಗಳ ಆಡುವ ಮೊದಲು ಡಾಕ್ಟರಿಗೆ ತೋರಿಸಿ. ನಾನು ತೋರಿಸಲಿಲ್ಲ. ದೃಷ್ಟಿ ತಗುಲಿದೆ ಎಂದು ರಟ್ಟೆಗೆ ದಾರ ಕಟ್ಟಿಸಿಕೊಂಡೆ, ಚಹ ಬಿಟ್ಟೆ, ಮತ್ತೆ ಶುರು ಮಾಡಿದೆ. ಅಂಗಡಿಯ ಚೀಟಿಯಲ್ಲಿ ನನ್ನ ಅಕ್ಷರ ಇರುವೆಯಂತೆ ಸಣ್ಣದಾಗುತ್ತ ಹೋದದ್ದನ್ನು ಪೆನ್ನಿನ ದೋಷವೆಂದೆ.

ಪೇಟೆ ಮಾತ್ರ ಯಾವ ದಾರಕ್ಕೂ ಮೋಸ ಹೋಗಲಿಲ್ಲ. ಚಿಂಚಲಿಯಲ್ಲಿ ಒಂದು ಜೋಡಿ ಎತ್ತು ನಿಲ್ಲಿಸಿದ್ದೆ. ಗಿರಾಕಿಯ ಪರವಾಗಿ ನಿಪ್ಪಾಣಿಯ ದಲಾಲನೇ ಕೈ ಕೊಟ್ಟ. ಟಾವೆಲು ಹೊದಿಸಿ ಅವನು ಇನ್ನೂ ಬೆರಳು ಹಿಡಿದಿರಲಿಲ್ಲ. ಕಾಯುತ್ತಿದ್ದ ನನ್ನ ಕೈ ಗಾಳಿಗೆ ಸಿಕ್ಕ ಎಲೆಯ ಹಾಗೆ ಅವನ ಅಂಗೈಯಲ್ಲಿ ಒದ್ದಾಡಿತು. ಅವನು ನನ್ನ ಕಣ್ಣು ನೋಡಿದ. ಆಮೇಲೆ ನಿಧಾನವಾಗಿ, ನಾನೇ ಸಾವಿರ ಸಲ ಮಾಡಿದಂತೆ, ಎರಡು ಬೆರಳು ಇಳಿಸಿ ಹಿಡಿದ.

"ಅಡಚಣಿ ಇದ್ರ ಹೇಳಬೇಕಪಾ ಅಣ್ಣಾ. ನಾ ಏನ್ ಹೊರಗಿನವನೇನ?" ಎಂದು ಕಿವಿಯಲ್ಲಿ ಹೇಳಿದ.

ನಾನು ಕೈ ಕಿತ್ತುಕೊಂಡು ಎತ್ತುಗಳನ್ನು ಟೆಂಪೋದಲ್ಲಿ ಹತ್ತಿಸಿ ಮನೆಗೆ ತಂದೆ. ದಾರಿಯಲ್ಲಿ ಮಂಗಸೂಳಿಯ ಒಬ್ಬ ಮುದುಕ ನೆನಪಾದ. ಹತ್ತು ವರ್ಷದ ಹಿಂದೆ ಅವನ ಕೈ ಹೀಗೆಯೇ ನಡುಗಿತ್ತು. ನಾನು ಮೂರು ಬೆರಳು ಇಳಿಸಿದ್ದೆ. ಅವನು ಹಗ್ಗವನ್ನು ನನ್ನ ಕೈಗಿಟ್ಟು, ಸಣ್ಣ ಸಣ್ಣ ಹೆಜ್ಜೆ ಹಾಕುತ್ತ ಹೋಗಿದ್ದ. ಅವನ ಮುಖವೂ ಕಟ್ಟಿಗೆಯ ಹಾಗೆ ಇತ್ತು. ಅಡಚಣೆಯಲ್ಲಿರುವವರ ಮುಖ ಹಾಗೆಯೇ ಇರುತ್ತದೆ ಎಂದು ಆ ದಿನ ನಾನು ತಿಳಿದಿದ್ದೆ.

ಮಗ ನನ್ನನ್ನು ಮಿರಜಿಗೆ ಕರೆದೊಯ್ದ. ನರರೋಗದ ಡಾಕ್ಟರರು ರಕ್ತ ತೆಗೆಯಲಿಲ್ಲ, ಯಂತ್ರದೊಳಗೆ ಮಲಗಿಸಲಿಲ್ಲ. ಕೋಣೆಯಲ್ಲಿ ಅತ್ತಿಂದಿತ್ತ ನಡೆಸಿದರು, ಹೆಬ್ಬೆರಳು ತೋರುಬೆರಳು ಬಡಿಯಲು ಹೇಳಿದರು, ಮೊಣಕೈ ಹಿಡಿದು ಮಡಚಿದರು. ನಾನು ಹೋರಿಯ ನಡಿಗೆ ನೋಡುವಂತೆ ಅವರು ನನ್ನ ನಡಿಗೆ ನೋಡುತ್ತಿದ್ದರು. ನನಗೆ ಆಗಲೇ ಅವರ ಮೇಲೆ ಭರವಸೆ ಬಂತು. "ಇದು ಪಾರ್ಕಿನ್ಸನ್ ಕಾಯಿಲೆ" ಎಂದರು. ಕೈಕಾಲು ನಡೆಸಲು ಮಿದುಳಿನಲ್ಲಿ ಒಂದು ರಸ ಬೇಕು, ಅದು ನನ್ನಲ್ಲಿ ಕಡಿಮೆಯಾಗುತ್ತಿದೆ ಎಂದು ತಿಳಿಸಿ ಹೇಳಿದರು.

"ಸಾಹೇಬ್ರ, ಪೂರಾ ಹೋಗಾಕ ಏನ್ ಮಾಡಬೇಕ್ರಿ?"

"ಪೂರಾ ಹೋಗೂದಿಲ್ರಿ."

"ಅರ್ಧಾ?"

ಅವರು ನಕ್ಕರು. "ನೀವ್ ಏನ್ ಕೆಲಸಾ ಮಾಡ್ತೀರಿ?"

"ದನದ ದಲಾಲಿ ರಿ."

"ಹಂಗಾದ್ರ ನಿಮಗ ಹೇಳೂದು ಸರಳ ಐತಿ. ಇದರ ಕೂಡ ಒಂದ ಸಲ ವ್ಯಾಪಾರ ಮುಗಿಯೂದಿಲ್ಲ. ದಿನಾ ಚೌಕಾಸಿ ಮಾಡಬೇಕು. ಗುಳಿಗಿ ಒಂದು, ವ್ಯಾಯಾಮ ಒಂದು. ಎರಡೂ ಬಿಟ್ರ ಅದು ಗೆಲ್ಲತೈತಿ."

ಗುಳಿಗೆಯ ಹೊತ್ತು ತಪ್ಪಬಾರದು, ಊಟಕ್ಕೆ ಮುಂಚೆಯೇ ತೆಗೆದುಕೊಳ್ಳಬೇಕು, ಅದರ ಜೊತೆ ಹಾಲು ಕುಡಿಯಬಾರದು, ತಾವಾಗಿ ನಿಲ್ಲಿಸಬಾರದು ಎಂದು ಬರೆದುಕೊಟ್ಟರು. ನಮ್ಮಾಕಿ ಅದನ್ನು ಅಡಿಗೆಮನೆಯ ಡಬ್ಬಿಗೆ ಅಂಟಿಸಿದಳು. ಮೊಬೈಲಿನ ಗಂಟೆಗಿಂತ ಅವಳ ಕೂಗು ಕರಾರುವಾಕ್ಕು.

ಮನೆಗೆ ಬಂದ ದಿನವೇ ನಾನೊಂದು ಕಟ್ಟಪ್ಪಣೆ ಮಾಡಿದೆ: ಈ ಕಾಯಿಲೆಯ ಹೆಸರು ನಮ್ಮ ಹೊಸ್ತಿಲು ದಾಟಬಾರದು. ಪೇಟೆಗೆ ತಿಳಿದರೆ ನನ್ನ ವ್ಯಾಪಾರ ಮುಗಿಯಿತು ಎಂಬುದು ನನ್ನ ಲೆಕ್ಕ. ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಲೆಕ್ಕ ಅದೇ. ಅದು ನನಗೆ ತಿಳಿಯಲು ಇನ್ನೂ ಒಂದು ವರ್ಷ ಬೇಕಾಯಿತು.

ವ್ಯಾಯಾಮಕ್ಕೆಂದು ಆಸ್ಪತ್ರೆಯಲ್ಲಿ ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ದಿನಕ್ಕೆ ನೂರು ಸಲ ಹಿಚುಕಬೇಕು. ನಾಲ್ಕು ದಿನ ಹಿಚುಕಿದೆ, ಬೇಸರ ಬಂತು. ಚೆಂಡು ಮರಳಿ ಏನೂ ಹೇಳುವುದಿಲ್ಲ; ದರ ಏರಿಸುವುದಿಲ್ಲ, ಇಳಿಸುವುದಿಲ್ಲ. ಐದನೆಯ ದಿನ ನಮ್ಮಾಕಿಯನ್ನು ಕಟ್ಟೆಯ ಮೇಲೆ ಕೂರಿಸಿ, "ಕೈ ಕೊಡಿಲ್ಲಿ" ಎಂದೆ.

"ಹಾಡಹಗಲಿ ಏನ್ರಿ ಇದು? ಮಂದಿ ನೋಡಿದ್ರ!"

"ಅದಕ್ಕ ಟಾವೆಲ್ ಹಾಕೂದು" ಎಂದೆ.

ಮದುವೆಯಾಗಿ ಮೂವತ್ತಾರು ವರ್ಷ ನಾನು ಅವಳಿಗೆ ಹೇಳಿಕೊಡದ ವಿದ್ಯೆ ಅದು. ಒಂದು ಬೆರಳು, ಎರಡು ಬೆರಳು, ಪಂಜ. ಎರಡು ದಿನದಲ್ಲಿ ಕಲಿತಳು. ಮೂರನೆಯ ದಿನ ನನ್ನನ್ನೇ ಸೋಲಿಸಿದಳು. ಹುಸಿ ಎತ್ತಿನ ಹುಸಿ ವ್ಯಾಪಾರ ಅವಳಿಗೆ ರುಚಿಸಲಿಲ್ಲ. "ಇಲ್ಲದ ಎತ್ತ ಯಾಕ ಮಾರೂದು? ಇರೂದನ್ನ ಮಾರೂಣು" ಎಂದು ಅಂಗಳದ ಸುತ್ತುಗಳನ್ನು ವ್ಯಾಪಾರಕ್ಕಿಟ್ಟಳು. ನಾನು ದಿನಾ ಸಂಜೆ ಅಂಗಳದಲ್ಲಿ ಎಷ್ಟು ಸುತ್ತು ನಡೆಯಬೇಕು? ಅವಳು ಎರಡು ಪಂಜ, ಅಂದರೆ ಹತ್ತು ಕೇಳುವಳು. ನಾನು ಮೂರು ಬೆರಳು ಕೊಡುವೆ. ಅವಳು ಅಲುಗುವುದಿಲ್ಲ. ಕಾಳುಕಡಿ ಮಾರುವವರಿಂದ ಹಿಡಿದು ಬಳೆಗಾರನವರೆಗೆ ಎಲ್ಲರನ್ನೂ ಹಣಿದವಳು. ಟಾವೆಲಿನ ಕೆಳಗೆ ಅವಳ ಕೈ ಕಲ್ಲಿನ ಹಾಗೆ. ಏಳಕ್ಕೆ ಒಪ್ಪಂದವಾದರೆ, ಏಳು ನಡೆದು ಸುಸ್ತಾಗಿ ನಿಂತಾಗ, "ಇನ್ನೂ ಎರಡು ಸುತ್ತ ಬಾಕಿ ಅದಾವು ನೋಡ್ರಿ" ಎನ್ನುವಳು. ಆ ಎರಡು ಎಲ್ಲಿಂದ ಬಂದವು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ನಡೆಯುತ್ತಿದ್ದೆ.

ಆ ಟಾವೆಲಿನ ಕೆಳಗೆ ನಾನೊಂದು ಸಂಗತಿ ಕಂಡುಕೊಂಡೆ. ನನ್ನ ಕೈ ಸುಮ್ಮನೆ ಕಾಯುವಾಗ ನಡುಗುತ್ತದೆ. ಗಟ್ಟಿಯಾಗಿ ಏನನ್ನಾದರೂ ಹಿಡಿದ ಕೂಡಲೇ ನಡುಕ ಇಳಿಯುತ್ತದೆ. ಎಲ್ಲರಿಗೂ ಹೀಗೆಯೇ ಅಂತಲ್ಲ, ನನಗೆ ಹಾಗಿತ್ತು.

ಬಾಗಿಲಲ್ಲಿ ಕಾಲು ಅಂಟಿಕೊಳ್ಳುವ ತೊಂದರೆಯೂ ಶುರುವಾಯಿತು. ಹೊಸ್ತಿಲ ಹತ್ತಿರ ಬಂದರೆ ಪಾದ ನೆಲಕ್ಕೆ ಮೊಳೆ ಹೊಡೆದಂತೆ ನಿಲ್ಲುತ್ತಿತ್ತು. ಮಗ ಹಿಂದಿನಿಂದ ರಟ್ಟೆ ಹಿಡಿದು ನೂಕುತ್ತಿದ್ದ. ಒಂದು ಸಲ ಮುಗ್ಗರಿಸಿ ಬಿದ್ದೆ. ಆಗ ನನ್ನ ಕಸುಬು ನನಗೆ ನೆನಪಾಯಿತು. ಹೊಸ ಹೋರಿ ಸೇತುವೆಯ ಬಾಯಲ್ಲಿ ನಿಂತುಬಿಟ್ಟರೆ ಹಿಂದಿನಿಂದ ಹೊಡೆಯಬಾರದು. ಅದರ ಮುಂದೆ ಒಂದು ಕೋಲು ಅಡ್ಡ ಇಟ್ಟರೆ ಅದನ್ನು ದಾಟಲೆಂದು ಕಾಲೆತ್ತುತ್ತದೆ, ಎತ್ತಿದ ಕಾಲು ಮುಂದೆ ಹೋಗುತ್ತದೆ. "ನನ್ನ ಮುಂದ ಒಂದ್ ಗೆರಿ ಎಳಿ" ಎಂದೆ. ಅಂದಿನಿಂದ ನಮ್ಮಾಕಿ ದಿನಾ ಬೆಳಿಗ್ಗೆ ಪ್ರತಿ ಬಾಗಿಲಿನ ಮುಂದೆ ರಂಗೋಲಿ ಪುಡಿಯಿಂದ ಒಂದು ಅಡ್ಡಗೆರೆ ಎಳೆಯುತ್ತಾಳೆ. ನಾನು ಅದನ್ನು ದಾಟುತ್ತೇನೆ. ನಿಮ್ಮ ಮನೆಯಲ್ಲಿ ಇಂಥವರಿದ್ದರೆ ನೂಕಬೇಡಿ, ಗೆರೆ ಎಳೆಯಿರಿ. ಓಣಿಯವರು "ಹೂವಿಲ್ಲ, ಬಳ್ಳಿಯಿಲ್ಲ, ಇದೆಂಥಾ ರಂಗೋಲಿ?" ಎಂದು ಕೇಳಿದರೆ, "ಹರಕಿ ಐತ್ರಿ" ಎನ್ನುತ್ತಿದ್ದಳು. ನನ್ನ ಕಟ್ಟಪ್ಪಣೆಗಾಗಿ ಅವಳು ದೇವರ ಹೆಸರಿನಲ್ಲೂ ಸುಳ್ಳು ಹೇಳಿದಳು.

ಮಗ ಹಾಲಿನ ಡೇರಿ ನಡೆಸುತ್ತಾನೆ, ಟ್ರ್ಯಾಕ್ಟರ್ ಇದೆ, ದುಡಿಯುವ ಹುಡುಗ. ಅವನಿಗೆ ನನ್ನ ಪೇಟೆ ಸಾಕಾಗಿತ್ತು. ಕರುಗಳಾಗಿದ್ದಾಗಲೇ ತಂದು ನಾನು ಮೂರು ವರ್ಷ ಸಾಕಿದ ಖಿಲಾರಿ ತಳಿಯ ಒಂದು ಜೋಡಿ ಎತ್ತು ಕೊಟ್ಟಿಗೆಯಲ್ಲಿತ್ತು. ಹಾಲಿನ ಬಣ್ಣ, ಕೋಡು ಒಂದೇ ಅಳತೆ, ಒಂದರ ನೆರಳು ಇನ್ನೊಂದರ ಮೇಲೆ ಬಿದ್ದರೆ ಯಾವುದು ಯಾವುದೆಂದು ತಿಳಿಯದಂಥವು. ಅವನ್ನು ಪೇಟೆಗೆ ಹೊಡೆಯುವ ಮಾತು ತೆಗೆದಾಗ ಅವನು ತಡೆದುಕೊಳ್ಳಲಿಲ್ಲ.

"ಅಪ್ಪಾ, ಸಾಕ ಮಾಡು. ನಿನ್ನ ಕೈ ಹಿಡದಾವ್ರೆಲ್ಲಾ ದರಾ ಇಳಸ್ತಾರ. ನಿನ್ನ ಬೆನ್ನ ಹಿಂದ ಮಂದಿ ಏನಂತಾರ ಗೊತ್ತೈತೇನ? ಮುದುಕ ಮುಳುಗ್ಯಾನ, ಹೊಲಾ ಮಾರ್ತಾನ ಅಂತಾರ. ಈ ಜೋಡಿ ನಾ ಮೊಬೈಲಿನ್ಯಾಗ ಫೋಟೋ ಹಾಕಿ ಮಾರ್ತೇನಿ. ನೀ ಟಾವೆಲ್ ಗೂಟಕ್ಕ ಹಾಕು."

ಫೋಟೋದಲ್ಲಿ ಎತ್ತಿನ ಹಲ್ಲು ಕಾಣುವುದಿಲ್ಲ ಎಂದು ಹೇಳಲು ಹೋದೆ. ದನಿ ಅವನವರೆಗೆ ಮುಟ್ಟಲಿಲ್ಲ. ಆ ಹೊತ್ತಿಗೆ ಅದೂ ಸಣ್ಣದಾಗಿತ್ತು. ಹುಡುಗ ಕೆಟ್ಟವನಲ್ಲ. ಅವನ ಕಣ್ಣಲ್ಲಿ ನೀರಿತ್ತು. ಆದರೆ ಟಾವೆಲು ಗೂಟಕ್ಕೆ ಹೋದರೆ ನಾನೂ ಅದರ ಜೊತೆ ಗೂಟಕ್ಕೆ ಹೋಗುತ್ತೇನೆಂದು ನನಗೆ ಗೊತ್ತಿತ್ತು. ಹೀಗಾಗಿ ವಾದ ಮಾಡುವುದನ್ನು ಬಿಟ್ಟು ವ್ಯಾಪಾರಕ್ಕೆ ಇಳಿದು, ಅವನಿಗೆ ನನ್ನ ಕರಾರು ಹೇಳಿದೆ: ಒಂದೇ ಪೇಟೆ, ಈ ಒಂದೇ ಜೋಡಿ. ನನ್ನ ದರವನ್ನು ಈಗಲೇ ನಿನ್ನವ್ವನ ಕೈಗೆ ಹೇಳಿರುತ್ತೇನೆ. ಅಷ್ಟು ಬಂದರೆ ಇನ್ನು ಮುಂದೆ ನೀನು ನನ್ನ ಪೇಟೆಯ ಮಾತು ಎತ್ತಕೂಡದು. ಒಂದು ಬೆರಳು ಕಡಿಮೆಯಾದರೂ ಟಾವೆಲು ಗೂಟಕ್ಕೆ.

ಅವನು ಒಪ್ಪಿದ. ನಾನು ಟಾವೆಲಿನ ಕೆಳಗೆ ಆಕೆಯ ಕೈಗೆ ದರ ಒತ್ತಿದೆ. ಅವಳು ಒಮ್ಮೆ ನನ್ನ ಮುಖ ನೋಡಿದಳು, ದರ ಬಹಳವಾಯಿತು ಎಂಬಂತೆ. ಆಮೇಲೆ ಕೈ ತೆಗೆದು, "ನಂದೂ ಒಂದ್ ಕರಾರ ಐತಿ. ನಾನೂ ಬರ್ತೇನಿ" ಎಂದಳು.

"ಎತ್ತಿನ ಸಾಲಿಗೆ ಹೆಂಗಸರ ಬರೂದಿಲ್ಲ ಅವ್ವಾ" ಎಂದ ಮಗ.

"ಗುಳಿಗಿ ಡಬ್ಬಿ ಬರತೈತಿ. ಡಬ್ಬಿ ಕೂಡ ನಾ ಬರ್ತೇನಿ."

ಚಿಂಚಲಿಯ ಪೇಟೆಗೆ ನಾವು ಹೊತ್ತಿಗೆ ಸರಿಯಾಗಿ ಹೋದೆವು. ಗುಳಿಗೆ ತೆಗೆದುಕೊಂಡಿದ್ದೆ, ಆಮೇಲೆ ಎರಡು ರೊಟ್ಟಿ ತಿಂದಿದ್ದೆ. ಎತ್ತಿನ ಕೊರಳಿಗೆ ಗೆಜ್ಜೆಸರ ಹಾಕಿದ್ದೆ. ಅದು ಎತ್ತಿನ ಚೆಂದಕ್ಕಷ್ಟೇ ಎಂದು ಜನ ತಿಳಿದರು. ಆ ಗೆಜ್ಜೆಯ ತಾಳಕ್ಕೆ ಹೆಜ್ಜೆ ಹಾಕಿದರೆ ನನ್ನ ಕಾಲು ಅಂಟಿಕೊಳ್ಳುವುದಿಲ್ಲ. ಟೆಂಪೋದಿಂದ ಇಳಿಸಿ ಸಾಲಿನವರೆಗೆ ಎತ್ತುಗಳ ನಡುವೆ ನಾನು ಮದುಮಗನ ಹಾಗೆ ನಡೆದೆ. ನಮ್ಮಾಕಿ ಮೇವಿನ ಚೀಲದ ಮೇಲೆ ಕೂತಳು. ಮಗ ಹಗ್ಗ ಹಿಡಿದು ನಿಂತ.

ನಿಪ್ಪಾಣಿಯ ದಲಾಲ ಬಂದ. ಅವನ ಜೊತೆ ಕಾಗವಾಡ ಕಡೆಯ ಒಬ್ಬ ಕಬ್ಬಿನ ಸಾವ್ಕಾರ. ಹಲ್ಲು ನೋಡಿದರು, ಗೊರಸು ನೋಡಿದರು, ನಡೆಸಿದರು. ಸಾವ್ಕಾರನ ಕಣ್ಣು ಜೋಡಿಯ ಮೇಲೆ ನೆಟ್ಟಿತು. ಅದು ನನಗೂ ಕಂಡಿತು, ದಲಾಲನಿಗೂ ಕಂಡಿತು. ದಲಾಲ ಕೂಡಲೇ, "ಚಹಾ ಕುಡದ ಬರ್ತೇವು ತಡಿ" ಎಂದು ಅವನನ್ನು ಎಳೆದುಕೊಂಡು ಹೋದ.

ಒಂದು ತಾಸು ಬರಲಿಲ್ಲ. ಎರಡು ತಾಸಾಯಿತು. ನನ್ನನ್ನು ಕಾಯಿಸುತ್ತಿದ್ದ. ಅಡಚಣೆಯಲ್ಲಿರುವವನನ್ನು ಕಾಯಿಸಿದಷ್ಟೂ ದರ ಇಳಿಯುತ್ತದೆ; ಅವನ ಜಾಗದಲ್ಲಿ ನಾನಿದ್ದರೂ ಕಾಯಿಸುತ್ತಿದ್ದೆ. ಬಿಸಿಲು ಏರಿತು. ಗುಳಿಗೆಯ ಕಸುವು ಇಳಿಯುತ್ತ ಬಂತು. ಬೆನ್ನು ಬಿಗಿಯಿತು, ಕೈ ಕುಣಿಯತೊಡಗಿತು. ನಮ್ಮಾಕಿ ಹೊತ್ತು ನೋಡಿ ಮುಂದಿನ ಗುಳಿಗೆ ಕೊಟ್ಟಳು. ಅದು ಮೈಗೆ ಹತ್ತಲು ಇನ್ನೂ ಅರ್ಧ ತಾಸಾದರೂ ಬೇಕು. ಸರಿಯಾಗಿ ಆಗಲೇ ಅವರಿಬ್ಬರೂ ಬಂದರು.

ದಲಾಲ ಹೆಗಲಿನ ಟಾವೆಲು ತೆಗೆದ. ನಾನು ಕೈ ಚಾಚಿದೆ. ಟಾವೆಲು ಮೇಲೆ ಬೀಳುವ ಮೊದಲೇ ಸುತ್ತ ನಿಂತವರೆಲ್ಲ ಆ ಕೈಯ ಕುಣಿತ ನೋಡಿದರು. ಮಗ ನೆಲ ನೋಡಿದ.

"ಬಾಳ ತ್ರಾಸ ಐತೇನ ಅಣ್ಣಾ?" ಎಂದು ದಲಾಲ ಎಲ್ಲರಿಗೂ ಕೇಳುವಂತೆ ಕೇಳಿದ.

ನಮ್ಮಾಕಿ ಮೇವಿನ ಚೀಲದಿಂದ ಎದ್ದಳು. ಅವಳ ದನಿ ಹೊಲದ ಆ ತುದಿಯಿಂದ ಈ ತುದಿಗೆ ಕೂಗಿ ಪಳಗಿದ ದನಿ.

"ತ್ರಾಸ ಇಲ್ಲ ಏನಿಲ್ಲ. ಎಲ್ಲಾರೂ ಕೇಳ್ರಿಲ್ಲಿ! ನಮ್ಮ ಮನಿಯವ್ರಿಗೆ ಪಾರ್ಕಿನ್ಸನ್ ಅಂತ ಬ್ಯಾನಿ ಐತಿ. ಮಿರಜಿನ ಡಾಕ್ಟರ್ ಹೇಳ್ಯಾರ, ಗುಳಿಗಿ ನಡದೈತಿ. ಕೈ ನಡಗೂದು ಬ್ಯಾನಿಯಿಂದ, ಅಡಚಣಿಯಿಂದ ಅಲ್ಲ. ಮನ್ಯಾಗ ಜ್ವಾಳದ ಚೀಲ ತುಂಬಿ ನಿಂತಾವು. ಇವ್ರ ಕೈ ನಡಗತೈತಿ, ದರಾ ನಡಗೂದಿಲ್ಲ!"

ಹಿಂದಿನಿಂದ ಯಾರೋ, "ನೋಡ್ರಪಾ, ಹೆಂಗಸರು ಎತ್ತಿನ ಸಾಲಿಗೆ ಬಂದ್ರ ಹಿಂಗ" ಎಂದ.

"ಮೇವ ಹಾಕೂವಾಗ ನಾ ಬೇಕು, ಸಗಣಿ ಬಳಿಯೂವಾಗ ನಾ ಬೇಕು, ಮಾರೂವಾಗ ಬ್ಯಾಡೇನೋ ತಮ್ಮಾ? ನಿಮ್ಮವ್ವನ ಕೇಳಿ ಬಾ ಹೋಗು!"

ಎಲ್ಲರೂ ಹೋ ಎಂದು ನಕ್ಕರು. ನನಗೆ ಮಾತ್ರ ಮೈ ಉರಿದುಹೋಯಿತು. ಇಷ್ಟು ದಿನ ಮುಚ್ಚಿಟ್ಟದ್ದನ್ನು ಇವಳು ನಡುಪೇಟೆಯಲ್ಲಿ ಬಿಚ್ಚಿ ಹರವಿದಳಲ್ಲ ಎಂದು ಬೈಯಲು ಬಾಯಿ ತೆರೆದೆ. ಆಗ ದಲಾಲನ ಮುಖ ಕಂಡಿತು, ಬೈಗುಳ ಬಾಯಲ್ಲೇ ನಿಂತಿತು. ಅವನು ಕಂಗಾಲಾಗಿದ್ದ. ನಡುಗುವ ಕೈಗೆ ಇಲ್ಲಿಯವರೆಗೆ ಒಂದೇ ಅರ್ಥವಿತ್ತು. ಅದನ್ನು ನಂಬಿ ಅವನು ಎರಡು ತಾಸು ಚಹದ ಅಂಗಡಿಯಲ್ಲಿ ಕೂತು ಬಂದಿದ್ದ. ಈಗ ಅದೇ ಕೈ ಅವನಿಗೆ ಏನನ್ನೂ ಹೇಳುತ್ತಿರಲಿಲ್ಲ. ಕಾಯಿಲೆಯನ್ನು ನಾನು ಮುಚ್ಚಿಟ್ಟಷ್ಟು ದಿನ ಅದು ಅವನ ಕಡೆಗಿತ್ತು. ನಮ್ಮಾಕಿ ಅದನ್ನು ಒಂದೇ ಕೂಗಿಗೆ ಎಳೆದು ನನ್ನ ಕಡೆ ನಿಲ್ಲಿಸಿದ್ದಳು.

"ಟಾವೆಲ್ ಹಾಕಪಾ" ಎಂದೆ.

ಅವನು ಹೊದಿಸಿದ. ಮೂರು ಬೆರಳು ಕಡಿಮೆ ಹಿಡಿದು ನನ್ನ ಮುಖ ನೋಡಿದ. ಅಲ್ಲಿ ಏನಿದೆ? ಕನ್ನಡಿಯಲ್ಲಿ ನಾನೇ ಕಾಣಲಾರದ್ದು ಅವನಿಗೆಲ್ಲಿ ಕಾಣಬೇಕು? ನಾನು ಅವನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದು ನನ್ನ ದರ ಒತ್ತಿದೆ. ಹಿಡಿತಕ್ಕೆ ನಡುಕ ಇಳಿಯಿತು. ಅವನು ಒಂದು ಬೆರಳು ಏರಿಸಿದ, ಮತ್ತೆ ಮುಖ ನೋಡಿದ. ಬೇರೆ ಯಾರಾದರೂ ಆಗಿದ್ದರೆ ಹುಬ್ಬೋ ತುಟಿಯೋ ಒಂದಿಷ್ಟಾದರೂ ಅಲುಗುತ್ತಿತ್ತು. ಅವನು ಮತ್ತೆ ಏರಿಸಿದ. ಇನ್ನು ಒಂದೇ ಬೆರಳು ಕಡಿಮೆ.

ಅಲ್ಲಿ ನಾನು ಸೋಲುವವನಿದ್ದೆ. ಕಾಲು ಮರಗಟ್ಟಿತ್ತು, ಸೊಂಟ ಕಲ್ಲಾಗಿತ್ತು, ಹೊಸ ಗುಳಿಗೆ ಇನ್ನೂ ಹತ್ತಿರಲಿಲ್ಲ. ಒಂದು ಬೆರಳು ತಾನೇ, ಕೊಟ್ಟು ಕೂತುಬಿಡೋಣ ಎಂದು ಮೈಯೆಲ್ಲ ಬೇಡಿಕೊಂಡಿತು. ಕೊಟ್ಟರೆ ಟಾವೆಲು ಗೂಟಕ್ಕೆ. ನನ್ನ ಮುಖ ಯಾರಿಗೂ ಏನೂ ಹೇಳದಿದ್ದರೂ ನನ್ನ ಮೊಣಕಾಲು ಒಬ್ಬಳಿಗೆ ಹೇಳಿತು. ಹಿಂದಿನಿಂದ ದನಿ ಬಂತು:

"ಇನ್ನೂ ಎರಡು ಸುತ್ತ ಬಾಕಿ ಅದಾವು ನೋಡ್ರಿ."

ಚಿಂಚಲಿಯ ಮಾಯಕ್ಕ ದೇವಿಯ ಗುಡಿಗೆ ಸುತ್ತು ಹಾಕುವ ಮಾತೆಂದು ಜನ ತಿಳಿದಿರಬೇಕು. ನಾನು ಕಾಲು ಅಗಲಿಸಿ ನಿಂತೆ. ದಲಾಲ ಕೈ ಎಳೆದುಕೊಂಡು ಹೊರಟಂತೆ ನಟಿಸಿದ, ಹೋಗಲಿ ಎಂದೆ. ನಾಲ್ಕು ಹೆಜ್ಜೆ ಹೋದವನನ್ನು ಸಾವ್ಕಾರನೇ ಅಂಗಿ ಹಿಡಿದು ನಿಲ್ಲಿಸಿದ. ಮರಳಿ ಬಂದು, ಟಾವೆಲಿನ ಕೆಳಗೆ ಕೈಯಿಟ್ಟು, ನನ್ನ ಬೆರಳನ್ನು ನಾನು ಹೇಳಿದ ಜಾಗದಲ್ಲಿ ಹಿಡಿದ.

"ನಿನ್ನ ಮೋತಿ ನೋಡಿ ದರಾ ಕೇಳೂದು ಅಂದ್ರ ಗ್ವಾಡಿ ನೋಡಿ ಟೈಮ್ ಕೇಳಿದಂಗ ಆತು" ಎಂದು ಟಾವೆಲು ಕೊಡವಿದ. ಆಮೇಲೆ ಹತ್ತಿರ ಬಂದು, ದನಿ ಇಳಿಸಿ ನಮ್ಮಾಕಿಯನ್ನು ಕೇಳಿದ: "ವೈನೀ, ನಮ್ಮ ಹಿರೀ ಅಣ್ಣಗೂ ಹಿಂಗ ಕೈ ಆಡತೈತಿ. ನಾವು ವಯಸ್ಸಾತು ಅಂತ ಬಿಟ್ಟೇವಿ. ಆ ಡಾಕ್ಟರ್ ಎಲ್ಲಿ ಕೂಡ್ತಾರ?"

ಅವಳು ಹೇಳಿದಳು. ಅಷ್ಟು ಹೇಳಿ ಬಿಡುವವಳಲ್ಲ. ಗುಳಿಗೆ, ಊಟ, ರಂಗೋಲಿಯ ಗೆರೆ ಎಲ್ಲವನ್ನೂ ಹೇಳಿದಳು. ನೋಡುನೋಡುತ್ತಿದ್ದಂತೆ ಮೇವಿನ ಚೀಲದ ಸುತ್ತ ಏಳೆಂಟು ಜನ ನಿಂತಿದ್ದರು.

ಮಗ ಎತ್ತುಗಳ ಹಗ್ಗವನ್ನು ಸಾವ್ಕಾರನ ಆಳಿಗೆ ಕೊಟ್ಟು ಬಂದ. ಮೂರು ವರ್ಷ ಅವನೂ ಅವಕ್ಕೆ ಮೈ ತಿಕ್ಕಿದ್ದ, ಮೂಗು ಒರೆಸಿಕೊಂಡ. "ಅವ್ವಾ, ಅಪ್ಪ ಅವತ್ತ ಎಷ್ಟಂತ ಹೇಳಿದ್ದ? ಅಷ್ಟಕ್ಕ ಹೋದವೇನ?"

"ಟಾವೆಲ್ ಹಾಕು, ಹೇಳ್ತೇನಿ" ಎಂದಳು.

ಅವನು ನನ್ನ ಹೆಗಲಿನ ಟಾವೆಲು ತೆಗೆದು ಕೈ ಮೇಲೆ ಹಾಕಿದ. ಅವಳು ಒಳಗೆ ಒತ್ತಿದಳು. ಅವನು ಏನೂ ತಿಳಿಯದೆ ನನ್ನ ಕಡೆ ನೋಡಿದ.

"ತಿಳೀಲಿಲ್ಲ?" ಎಂದಳು. "ಹಂಗಾದ್ರ ಕಲಿ. ಮುಂದಿನ ಪ್ಯಾಟಿಗೆ ಬರೂವಾಗ ಕಲತ ಬಾ."

ಅವನು ಆ ಟಾವೆಲನ್ನು ಮಡಚಿ ಗೂಟಕ್ಕೆ ಹಾಕಲಿಲ್ಲ. ನನ್ನ ಹೆಗಲ ಮೇಲೆ ಸರಿಯಾಗಿ ಹೊದಿಸಿ, ತುದಿ ಎಳೆದು ನೆಟ್ಟಗೆ ಮಾಡಿದ.

ಆ ಪೇಟೆಯ ನಂತರ ನಾನು ಕೈಯನ್ನು ಕಿಸೆಯಲ್ಲಿ ಇಟ್ಟುಕೊಂಡಿಲ್ಲ. ಕಾಯಿಲೆ ನಿಂತಿಲ್ಲ. ಗುಂಡಿ ಹಾಕಿಕೊಳ್ಳಲು ಈಗ ಹೆಚ್ಚು ಹೊತ್ತು ಬೇಕು. ಕೆಲವು ದಿನ ಅದು ಗೆಲ್ಲುತ್ತದೆ, ಹೆಚ್ಚು ದಿನ ನಾನು ಗೆಲ್ಲುತ್ತೇನೆ. ಪೇಟೆಯಲ್ಲಿ ಯಾರದಾದರೂ ಕೈ ನಡುಗಿದರೆ ಈಗ ಬೆರಳು ಇಳಿಸುವ ಮೊದಲು, "ಡಾಕ್ಟರಿಗೆ ತೋರಿಸೀಯೇನು?" ಎಂದು ಕೇಳುತ್ತೇನೆ. ಅಡಚಣೆಯೇ ಎಂದಾದರೆ, ಅದರ ಮಾತು ಬೇರೆ. ನಾನು ದಲಾಲನೇ ಹೊರತು ಸನ್ಯಾಸಿಯಲ್ಲ. ಆದರೂ ಒಂದೇ ಬೆರಳು ಇಳಿಸುತ್ತೇನೆ. ಮಂಗಸೂಳಿಯ ಮುದುಕನ ಮನೆ ಹುಡುಕಿಕೊಂಡು ಹೋಗಿದ್ದೆ. ಅವನು ತೀರಿಕೊಂಡು ಬಹಳ ದಿನವಾಗಿತ್ತು. ಅವನ ಮನೆಯವರು ಕೊಟ್ಟ ನೀರು ಕುಡಿದು ಬಂದೆ.

ಜೋಡಿ ಎಷ್ಟಕ್ಕೆ ಹೋಯಿತು ಎಂದು ಈಗಲೂ ಜನ ಕೇಳುತ್ತಾರೆ. ಟಾವೆಲಿನ ಕೆಳಗಿನದು ಹೊರಗೆ ಬರಬಾರದು, ಬರೆದರೂ ಅಷ್ಟೇ. ಅವತ್ತು ಸಂಜೆಯದನ್ನು ಬೇಕಾದರೆ ಹೇಳುತ್ತೇನೆ. ದಣಿದು ಮನೆಗೆ ಬಂದು ಕಟ್ಟೆಯ ಮೇಲೆ ಒರಗಿದ್ದೆ. ಅಂಥ ದೊಡ್ಡ ವ್ಯಾಪಾರ ಗೆದ್ದ ದಿನವಾದರೂ ಬಿಡುತ್ತಾಳೆಂದುಕೊಂಡಿದ್ದೆ. ಪಕ್ಕದಲ್ಲಿ ಕೂತು, ಟಾವೆಲು ಹಾಕಿ, ನನ್ನ ಕೈಗೆ ಎರಡು ಪಂಜ ಒತ್ತಿದಳು.

ನಾನು ಎರಡು ಬೆರಳು ಕೊಟ್ಟೆ. ಅವಳು ಅಲುಗಲಿಲ್ಲ. ಐದು ಕೊಟ್ಟೆ. ಅಲುಗಲಿಲ್ಲ.

ಅವಳು ಎದ್ದು ಹೋಗಿ ಅಂಗಳದಲ್ಲಿ ಬೆಳಗಿನ ಮಾಸಿದ ಗೆರೆಯ ಮೇಲೆ ಹೊಸ ಗೆರೆ ಎಳೆದಳು. ನಾನು ಎದ್ದು ಅದನ್ನು ದಾಟಿದೆ. ಹತ್ತನೆಯ ಸುತ್ತು ಮುಗಿಸಿ ಬಂದಾಗ ನನ್ನ ಮುಖವನ್ನೇ ಹತ್ತಿರದಿಂದ ನೋಡಿ ಕೇಳಿದಳು:

"ನಗಾಕತ್ತೀರೇನ?"

"ಬಾಳ ಹೊತ್ತಾತು" ಎಂದೆ.